ಸೆಂಚುರಿಯನ್ ನೌಕೆಯ ಜೀವಿತಚರಿತ್ರೆ

ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಲ್ಲಿ 1732ನೆಯ ಇಸವಿಯ ಜನವರಿ 6ರಂದು ನೀರಿಗಿಳಿದ ‘ಸೆಂಚುರಿಯನ್’ ಎಂಬ ಯುದ್ಧನೌಕೆಯು ತನ್ನ ಕಾಲದ ಹಡಗುಗಳಲ್ಲಿ ಅಗ್ರಗಣ್ಯವಾದುದೇನೂ ಆಗಿರಲಿಲ್ಲ. ನೂರು ತೋಪುಗಳನ್ನು ಮೂರು ಅಂತಸ್ತುಗಳಲ್ಲಿ ಹೊತ್ತು ಸಮುದ್ರದ ಮೇಲೆ ಕೋಟೆಯಂತೆ ಚಲಿಸುತ್ತಿದ್ದ ಮಹಾನೌಕೆಗಳ ಪಕ್ಕದಲ್ಲಿ, 144 ಅಡಿ ಉದ್ದ, 40 ಅಡಿ ಅಗಲ, 60 ತೋಪುಗಳ ಈ ಹಡಗು ನಾಲ್ಕನೆಯ ದರ್ಜೆಯದೆಂದು ಪರಿಗಣಿತವಾಗಿತ್ತು. ಆದರೂ ಆ ಶತಮಾನದ ನಾವಿಕಜೀವನದ ಅಜ್ಞಾನವೂ ಜ್ಞಾನವೂ, ಲೋಭವೂ ಧೈರ್ಯವೂ ಒಂದೇ ಮರದ ಒಡಲಿನಲ್ಲಿ ಹೇಗೆ ಕೂಡಿ ವಾಸಿಸಿದುವೆಂಬುದನ್ನು ತಿಳಿಯಬಯಸುವವರಿಗೆ, ಟ್ರಫಾಲ್ಗರ್ ಕದನದಿಂದ ಜಗತ್ಪ್ರಸಿದ್ಧವಾದ ‘ವಿಕ್ಟರಿ’ ನೌಕೆಗಿಂತಲೂ ಈ ಸೆಂಚುರಿಯನ್ನಿನ ಮೂವತ್ತೇಳು ವರ್ಷಗಳ ಆಯುಷ್ಯವೇ ಹೆಚ್ಚು ಬೋಧಪ್ರದವಾದುದೆಂದು ನನ್ನ ನಂಬಿಕೆ.

ಅಂದಿನ ಯುದ್ಧನೌಕೆಯ ಒಳಗು ಎಂಥದೆಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಶಾಂತಿಕಾಲದಲ್ಲಿ ಬಣ್ಣದಿಂದಲೂ ಕೆತ್ತನೆಯಿಂದಲೂ ಮೆರೆಯುತ್ತಿದ್ದ ಆ ಓಕ್ ಮರದ ಗೋಡೆಗಳ ಹಿಂದೆ ನಾನೂರು ಜನ ಗಂಡಸರು ತಿಂಗಳುಗಟ್ಟಲೆ ಬದುಕಬೇಕಾಗಿತ್ತು. ಕೆಳಗಿನ ಅಂತಸ್ತಿನಲ್ಲಿ, 24 ಪೌಂಡು ತೂಕದ ಗುಂಡನ್ನು ಎಸೆಯಬಲ್ಲ ತೋಪುಗಳ ನಡುನಡುವೆ, ತಲೆಯೆತ್ತಿ ನಡೆಯಲಾಗದ ಮಾಳಿಗೆಯ ತೊಲೆಗಳಿಗೆ ತೂಗುಮಂಚಗಳನ್ನು ಕಟ್ಟಿಕೊಂಡು ಅವರು ಮಲಗುತ್ತಿದ್ದರು. ಸಮುದ್ರ ಕೆರಳಿದಾಗ ತೋಪಿನ ಕಿಂಡಿಗಳನ್ನೆಲ್ಲ ಮುಚ್ಚಲೇಬೇಕಾದ್ದರಿಂದ ಆ ಅಂತಸ್ತಿಗೆ ಬೆಳಕೂ ಇಲ್ಲ, ಗಾಳಿಯೂ ಇಲ್ಲ. ಆಹಾರವೆಂದರೆ ಕಲ್ಲಿನಂತೆ ಗಟ್ಟಿಯಾದ ಬಿಸ್ಕತ್ತು, ಪೀಪಾಯಿಯಲ್ಲಿ ಉಪ್ಪು ಹಾಕಿಟ್ಟ ದನದ ಹಾಗೂ ಹಂದಿಯ ಮಾಂಸ, ಬಟಾಣಿ, ಓಟ್ಸ್ ಗಂಜಿ. ಕುಡಿಯಲು ಬಿಯರ್, ಅದು ಮುಗಿದ ಮೇಲೆ ಹಳಸಿದ ನೀರು. ಈ ಆಹಾರದಲ್ಲಿ ಹಸಿ ಸೊಪ್ಪಾಗಲಿ ಹುಳಿ ಹಣ್ಣಾಗಲಿ ಲವಲೇಶವೂ ಇಲ್ಲದಿದ್ದುದನ್ನು ಓದುಗರು ನೆನಪಿನಲ್ಲಿಡಬೇಕು.

ಹಡಗಿನ ಮೊದಲ ನಾಲ್ಕು ವರ್ಷಗಳಲ್ಲಿ ಹೇಳಿಕೊಳ್ಳುವಂಥದೇನೂ ನಡೆಯಲಿಲ್ಲ. 1736ರ ಮೇ ತಿಂಗಳಲ್ಲಿ ಮಾತ್ರ ಅದರ ಮೇಲೆ ಒಬ್ಬ ವಿಚಿತ್ರ ಪ್ರಯಾಣಿಕನು ಕಾಲಿರಿಸಿದನು. ಲಿಂಕನ್‌ಷೈರ್ ಪ್ರಾಂತದ ಹಳ್ಳಿಯೊಂದರಲ್ಲಿ ಬಡಗಿಯ ಮಗನಾಗಿ ಬೆಳೆದು, ಗುರುಮುಖವಿಲ್ಲದೆಯೇ ಗಡಿಯಾರದ ವಿದ್ಯೆಯನ್ನು ಕರಗತಮಾಡಿಕೊಂಡಿದ್ದ ಜಾನ್ ಹ್ಯಾರಿಸನ್ ಎಂಬಾತನು, ಹಿತ್ತಾಳೆಯಿಂದ ರಚಿತವಾದ, 34 ಕಿಲೋಗ್ರಾಮಿನಷ್ಟು ಭಾರದ ತನ್ನ ಮೊದಲ ಸಮುದ್ರ ಗಡಿಯಾರವನ್ನು ಪರೀಕ್ಷೆಗೊಡ್ಡುವುದಕ್ಕಾಗಿ ಸೆಂಚುರಿಯನ್ನನ್ನೇರಿ ಲಿಸ್ಬನ್ನಿಗೆ ಹೊರಟನು. ಕಪ್ತಾನ ಪ್ರಾಕ್ಟರನು ತನ್ನ ಸ್ವಂತ ಕೋಣೆಯಲ್ಲಿಯೇ ಆ ಯಂತ್ರಕ್ಕೆ ಜಾಗ ಮಾಡಿಕೊಟ್ಟನು.

ಇದರ ಅಗತ್ಯವೇನಿತ್ತೆಂದು ಕೇಳುವುದು ಸಹಜ. ನಡುಗಡಲಿನಲ್ಲಿರುವ ನಾವಿಕನು ಮಧ್ಯಾಹ್ನದ ಸೂರ್ಯನ ಎತ್ತರವನ್ನೋ ರಾತ್ರಿಯ ನಕ್ಷತ್ರದ ಎತ್ತರವನ್ನೋ ಅಳೆದು, ತಾನು ಭೂಮಧ್ಯರೇಖೆಯಿಂದ ಎಷ್ಟು ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಇರುವೆನೆಂಬುದನ್ನು, ಅಂದರೆ ಅಕ್ಷಾಂಶವನ್ನು, ನಿರ್ಧರಿಸಬಲ್ಲ. ಆದರೆ ಎಷ್ಟು ಪೂರ್ವಕ್ಕೆ ಅಥವಾ ಪಶ್ಚಿಮಕ್ಕೆ ಇರುವೆನೆಂಬ ರೇಖಾಂಶವನ್ನು ತಿಳಿಸುವ ಗುರುತು ಆಕಾಶದಲ್ಲಿ ಹಾಗೆ ಕಣ್ಣಿಗೆ ಬೀಳುವುದಿಲ್ಲ. ಭೂಮಿಯು ಗಂಟೆಗೆ ಹದಿನೈದು ಡಿಗ್ರಿಗಳಂತೆ ತಿರುಗುವುದರಿಂದ, ಹೊರಟ ಊರಿನಲ್ಲಿ ಈಗ ಗಂಟೆ ಎಷ್ಟೆಂಬುದು ತಿಳಿದರೆ, ಅದಕ್ಕೂ ತಾನಿರುವ ಸ್ಥಳದ ಹೊತ್ತಿಗೂ ಇರುವ ಅಂತರದಿಂದ ರೇಖಾಂಶ ಲಭ್ಯವಾಗುತ್ತದೆ. ನಮ್ಮ ಪಂಚಾಂಗಕರ್ತರು ಮಾಡುವ ದೇಶಾಂತರ ಸಂಸ್ಕಾರದ ಮೂಲತತ್ತ್ವವೂ ಇದೇ. ಆದರೆ ಓಲಾಡುವ ಹಡಗಿನ ಮೇಲೆ, ಸೆಕೆಯಲ್ಲಿಯೂ ಚಳಿಯಲ್ಲಿಯೂ ತಪ್ಪದೆ ನಡೆಯುವ ಗಡಿಯಾರವು ಪ್ರಪಂಚದಲ್ಲಿ ಇರಲಿಲ್ಲ. ನಾವಿಕರು ಗಂಟುಗಳುಳ್ಳ ಹಗ್ಗವನ್ನು ನೀರಿಗೆಸೆದು ವೇಗವನ್ನಳೆದು, ದಿಕ್ಸೂಚಿಯನ್ನು ನೋಡಿ, ಅಂದಾಜಿನ ಮೇಲೆ ನಕ್ಷೆಯಲ್ಲಿ ಚುಕ್ಕೆಯಿಡುತ್ತಿದ್ದರು. ಒಳಪ್ರವಾಹವೊಂದು ಹಡಗನ್ನೇ ಹಿಂದಕ್ಕೊಯ್ಯುತ್ತಿದ್ದರೆ ಅದು ಈ ಲೆಕ್ಕಕ್ಕೆ ಸಿಕ್ಕುತ್ತಿರಲಿಲ್ಲ. 1707ರಲ್ಲಿ ಅಡ್ಮಿರಲ್ ಷವೆಲ್ಲನ ನಾಲ್ಕು ಹಡಗುಗಳು ಸಿಲ್ಲಿ ದ್ವೀಪಗಳ ಬಂಡೆಗಳಿಗೆ ಬಡಿದು ಸಾವಿರಾರು ಜನ ಮುಳುಗಿದ ಬಳಿಕ, 1714ರಲ್ಲಿ ಪಾರ್ಲಿಮೆಂಟು ಈ ಸಮಸ್ಯೆಯನ್ನು ಬಿಡಿಸಿದವರಿಗೆ 20,000 ಪೌಂಡುಗಳ ಬಹುಮಾನವನ್ನು ಘೋಷಿಸಿತ್ತು.

ಹೋಗುವಾಗ ಸಮುದ್ರ ಒರಟಾಗಿತ್ತು. ಹ್ಯಾರಿಸನ್ನನಿಗೆ ವಾಂತಿಯ ಬಾಧೆ ಹೇಳತೀರದಾಯಿತು. ಗಡಿಯಾರವು ಮಾತ್ರ ನಡೆಯಿತು. ಪ್ರಾಕ್ಟರನು ಆತನ ವಿನಯವನ್ನೂ ಶ್ರಮವನ್ನೂ ಮೆಚ್ಚಿ ಮೇಲಧಿಕಾರಿಗಳಿಗೆ ಬರೆದನಾದರೂ, ಲಿಸ್ಬನ್ ಸೇರಿದ ಸ್ವಲ್ಪದರಲ್ಲಿಯೇ ತೀರಿಕೊಂಡನು. ಹಿಂದಿರುಗುವ ಪ್ರಯಾಣ ‘ಆರ್ಫರ್ಡ್’ ಎಂಬ ಬೇರೆ ಹಡಗಿನಲ್ಲಿ ನಡೆಯಿತು. ಇಂಗ್ಲೆಂಡಿನ ದಕ್ಷಿಣತೀರ ಕಾಣಿಸಿದಾಗ, ಎದುರಿಗಿರುವುದು ಸ್ಟಾರ್ಟ್ ಭೂಶಿರವೆಂದು ಹಡಗಿನವರೆಲ್ಲ ಲೆಕ್ಕ ಹಾಕಿದ್ದರು. ಹ್ಯಾರಿಸನ್ನನು, ಅಲ್ಲ, ಅದು ಸುಮಾರು 60 ಮೈಲಿ ಪಶ್ಚಿಮಕ್ಕಿರುವ ಲಿಜರ್ಡ್ ಭೂಶಿರವೆಂದನು. ಅದು ಲಿಜರ್ಡೇ ಆಗಿತ್ತು. ಹಡಗಿನ ಮಾರ್ಗದರ್ಶಿಯಾದ ರೋಜರ್ ವಿಲ್ಸನು ಈ ಸಂಗತಿಯನ್ನು ಒಪ್ಪಿ ಪ್ರಮಾಣಪತ್ರವನ್ನೇ ಬರೆದುಕೊಟ್ಟನು. ಸಂತೃಪ್ತಿಯೆಂಬುದನ್ನರಿಯದ ಹ್ಯಾರಿಸನ್ನನು ಇದಕ್ಕಿಂತ ಉತ್ತಮವಾದುದನ್ನು ಮಾಡುವೆನೆಂದು ತನ್ನ ಯಂತ್ರವನ್ನು ಹಿಂದಕ್ಕೆ ಕೊಂಡೊಯ್ದನು. ಸೆಂಚುರಿಯನ್ ಮತ್ತೆ ಹಗ್ಗದ ಗಂಟುಗಳ ಲೆಕ್ಕಕ್ಕೇ ಮರಳಿತು. ಮುಂದೆ ನಡೆದುದನ್ನು ಬಲ್ಲವರಿಗೆ ಈ ಘಟನೆಯ ನೆನಪು ದುಃಖವನ್ನು ತರದಿರದು.

1737ರಲ್ಲಿ ಹಡಗಿನ ಆಧಿಪತ್ಯವು ಜಾರ್ಜ್ ಆನ್ಸನ್ನನಿಗೆ ಬಂದಿತು. ಸ್ಟಾಫರ್ಡ್‌ಷೈರಿನ ಷಗ್‌ಬರೋದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಕಡಲು ಸೇರಿದ ಈತನು ಮಿತಭಾಷಿ. ಹರ್ಷವನ್ನಾಗಲಿ ವಿಷಾದವನ್ನಾಗಲಿ ಮುಖದ ಮೇಲೆ ತೋರಗೊಡದವನೆಂದು ಜೊತೆಯವರು ಹೇಳುತ್ತಿದ್ದರು. 1739ರಲ್ಲಿ ಸ್ಪೇನಿನೊಡನೆ ಯುದ್ಧ ಹುಟ್ಟಿದಾಗ, ದಕ್ಷಿಣ ಅಮೆರಿಕದ ತುದಿಯಾದ ಹಾರ್ನ್ ಭೂಶಿರವನ್ನು ಸುತ್ತಿ ಶಾಂತಸಾಗರವನ್ನು ಹೊಕ್ಕು, ಸ್ಪೇನಿನ ಸಂಪತ್ತಿನ ಬೇರಿಗೇ ಕೊಡಲಿಯಿಡುವ ಕಾರ್ಯವನ್ನು ಸರ್ಕಾರವು ಈತನಿಗೆ ಒಪ್ಪಿಸಿತು. ಸೆಂಚುರಿಯನ್, ಗ್ಲಾಸ್ಟರ್, ಸೆವರ್ನ್, ಪರ್ಲ್, ವೇಜರ್ ಎಂಬ ಐದು ಹಡಗುಗಳು, ಟ್ರಯಲ್ ಎಂಬ ಚಿಕ್ಕ ನೌಕೆ, ಸಾಮಗ್ರಿ ಹೊರುವ ಎರಡು ವ್ಯಾಪಾರದ ಹಡಗುಗಳು ಸಿದ್ಧವಾದುವು.

ಹಡಗುಗಳೇನೋ ಸಿದ್ಧವಾದುವು, ಜನರಿರಲಿಲ್ಲ. ಭೂಸೇನೆಯಿಂದ ಪಡೆಯೊಂದನ್ನು ಕಳಿಸುವ ಬದಲು, ಚೆಲ್ಸಿಯ ಧರ್ಮಶಾಲೆಯ ಆಶ್ರಯದಲ್ಲಿದ್ದ 500 ಮಂದಿ ನಿವೃತ್ತ ಸೈನಿಕರನ್ನು ಹಡಗಿಗೆ ಹತ್ತಿಸಬೇಕೆಂದು ಅಪ್ಪಣೆಯಾಯಿತು. ಗಾಯಗಳಿಂದಲೂ ಮುಪ್ಪಿನಿಂದಲೂ ಜರ್ಜರಿತರಾಗಿ, ರಾಜ್ಯಕ್ಕೆ ತಮ್ಮ ಋಣವನ್ನು ಎಂದೋ ತೀರಿಸಿದ್ದ ಮುದುಕರು ಅವರು. ಪೋರ್ಟ್ಸ್‌ಮತ್ತಿಗೆ ಬಂದವರಲ್ಲಿ ನಡೆಯಲು ಕಾಲಿದ್ದವರೆಲ್ಲ ಊರು ಬಿಟ್ಟು ಓಡಿದರು; ಓಡಲಾರದ 259 ಮಂದಿ ಮಾತ್ರ ಉಳಿದರು. ಅರವತ್ತರ ಮೇಲಾದವರೇ ಬಹಳ. ಎಪ್ಪತ್ತು ದಾಟಿದವರೂ ಇದ್ದರು. ತಪ್ಪಿಸಿಕೊಂಡವರ ಸ್ಥಾನಕ್ಕೆ, ಬಂದೂಕನ್ನು ಹಾರಿಸಲು ಕೂಡ ಇನ್ನೂ ಕಲಿತಿರದ 210 ಮಂದಿ ಹೊಸ ನೌಕಾಭಟರನ್ನು ತುಂಬಲಾಯಿತು. ಆನ್ಸನ್ನನು ಪ್ರತಿಭಟಿಸಿದನು, ಫಲವಾಗಲಿಲ್ಲ. ಈ ಚರಿತ್ರೆಯಲ್ಲಿ ಬಿರುಗಾಳಿಯ ಕ್ರೌರ್ಯವನ್ನು ಕುರಿತು ಮುಂದೆ ಬಹಳ ಬರುತ್ತದೆ. ಆದರೆ ಬಿರುಗಾಳಿಗೆ ವಿವೇಕವಿಲ್ಲ. ದೋಲಿಯಲ್ಲಿ ಹೊತ್ತು ತರಬೇಕಾದ ಮುದುಕರನ್ನು ಭೂಮಿಯ ಅತ್ಯಂತ ಭಯಂಕರವಾದ ಕಡಲಿಗೆ ಕಳಿಸಿದ ಕಛೇರಿಯ ಪ್ರಭುಗಳಿಗೆ ಅದು ಇರಬೇಕಾಗಿತ್ತು.

1740ರ ಸೆಪ್ಟೆಂಬರ್ 18ರಂದು, ಋತು ಮೀರಿದ ಮೇಲೆ, ನೌಕಾಸಮೂಹವು ಹೊರಟಿತು. (ಇಲ್ಲಿನ ತಾರೀಖುಗಳೆಲ್ಲ ಇಂಗ್ಲೆಂಡಿನಲ್ಲಿ ಆಗಿನ್ನೂ ರೂಢಿಯಲ್ಲಿದ್ದ ಹಳೆಯ ಪಂಚಾಂಗದವು.) ಮೆಡೀರಾದಲ್ಲಿಯೂ ಬ್ರೆಜಿಲಿನ ಸಾಂತಾ ಕಟರೀನಾದಲ್ಲಿಯೂ ತಂಗಿ, 1741ರ ಮಾರ್ಚ್ 7ರಂದು ಲ ಮೇರ್ ಜಲಸಂಧಿಯನ್ನು ನಿರ್ಮಲವಾದ ಆಕಾಶದ ಕೆಳಗೆ ದಾಟಿದಾಗ, ಇನ್ನು ಕಷ್ಟವೆಲ್ಲ ಕಳೆಯಿತೆಂದೇ ನಾವಿಕರು ನಂಬಿದರು. ಆ ದಿನ ಮುಗಿಯುವುದರೊಳಗೆ ದಕ್ಷಿಣದಿಂದ ಎದ್ದ ಗಾಳಿಯು ಐವತ್ತು ದಿನಗಳಿಗೂ ಮಿಕ್ಕು ಅವರನ್ನು ಬಿಡದೆ ಕಾಡಿತು. ಹಿಮಗಟ್ಟಿದ ಹಗ್ಗಗಳು ಹಿಡಿದ ಅಂಗೈಯನ್ನು ಕೊಯ್ದುವು; ಹಾಯಿಗಳು ಬಿಚ್ಚಿದೊಡನೆ ಚಿಂದಿಯಾದುವು. ಒಂದು ಸಲ, ಹಾಯಿಯನ್ನು ಬಿಚ್ಚಲು ಸಾಧ್ಯವಾಗದೆ, ಹಡಗಿನ ಮುಖವನ್ನು ತಿರುಗಿಸುವುದಕ್ಕೆ ಬೇರೆ ಉಪಾಯ ಕಾಣದೆ, ಮುಂದಿನ ಕೂವೆಮರದ ಹಗ್ಗದೇಣಿಗಳ ಮೇಲೆ ಜನರನ್ನೇ ಒತ್ತಾಗಿ ನಿಲ್ಲಿಸಿದರು. ಅವರ ದೇಹಗಳಿಗೆ ಬೀಸಿದ ಗಾಳಿಯೇ ಹಾಯಿಯ ಕೆಲಸವನ್ನು ಮಾಡಬೇಕಾಯಿತು. ಹಡಗು ತಿರುಗಿತು, ಅತ್ಯಂತ ನುರಿತ ನಾವಿಕನೊಬ್ಬನು ಕೈತಪ್ಪಿ ನೀರಿಗೆ ಬಿದ್ದನು. ಅವನು ಬಲವಾಗಿ ಈಜುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು, ದೋಣಿಯನ್ನಿಳಿಸುವುದು ಅಸಾಧ್ಯವಾಗಿತ್ತು, ತನ್ನನ್ನು ಬಿಟ್ಟು ದೂರ ಸರಿಯುತ್ತಿರುವ ಹಡಗನ್ನು ನೋಡುತ್ತ ಆತನು ಬಹಳ ಹೊತ್ತು ಬದುಕಿದ್ದಿರಬೇಕು. ಸುಮಾರು ಅರವತ್ತು ವರ್ಷಗಳ ತರುವಾಯ, 1799ರಲ್ಲಿ, ಮನೋವ್ಯಾಧಿಯಿಂದ ಬಳಲುತ್ತಿದ್ದ ಕವಿ ಕೂಪರನು ತನ್ನ ಕೊನೆಯ ಕವಿತೆಗಳಲ್ಲೊಂದಕ್ಕೆ ಈ ನಾವಿಕನನ್ನೇ ವಸ್ತುವಾಗಿ ಆರಿಸಿಕೊಂಡನು.

ಏಪ್ರಿಲ್ ತಿಂಗಳ ನಡುವಿನಲ್ಲಿ, ತಾವು ಭೂಭಾಗದಿಂದ ಹತ್ತು ಡಿಗ್ರಿಗಳಿಗೂ ಹೆಚ್ಚು ಪಶ್ಚಿಮಕ್ಕೆ ಬಂದಿರುವೆವೆಂದು ಎಲ್ಲ ಹಡಗುಗಳ ಲೆಕ್ಕವೂ ಒಮ್ಮತದಿಂದ ಸಾರಿದ ಮೇಲೆ, ಅವರು ಧೈರ್ಯವಾಗಿ ಉತ್ತರಕ್ಕೆ ತಿರುಗಿದರು. 13ನೆಯ ತಾರೀಖಿನ ನಡುರಾತ್ರಿ, ಮುಂದಿದ್ದ ‘ಆನಾ’ ಎಂಬ ಸಾಮಗ್ರಿಯ ಹಡಗು ಒಮ್ಮೆಲೇ ತೋಪು ಹಾರಿಸಿ ದೀಪಗಳನ್ನು ತೋರಿಸಿತು. ಮೋಡ ಸರಿದು ಬೆಳದಿಂಗಳು ಬಿದ್ದಾಗ, ಆರು ಮೈಲಿ ಎದುರಿಗೆ ನ್ವಾರ್ ಭೂಶಿರದ ಕರಿಯ ಬಂಡೆಗಳು ನಿಂತಿದ್ದುವು. ಒಳಪ್ರವಾಹವು ಅವರು ಗಳಿಸಿದ್ದ ಪಶ್ಚಿಮದ ದಾರಿಯನ್ನೆಲ್ಲ ಕದ್ದಿತ್ತು. ಆ ರಾತ್ರಿ ಚಂದ್ರನಿಲ್ಲದಿದ್ದರೆ ಈ ಕಥೆ ಅಲ್ಲಿಯೇ ಮುಗಿಯುತ್ತಿತ್ತು. ಹಡಗುಗಳು ಮತ್ತೆ ದಕ್ಷಿಣದ ಚಳಿಗೆ ತಿರುಗಿ, ಒಂದರಿಂದೊಂದು ಅಗಲಿಹೋದುವು. ಅದಕ್ಕೂ ಮೊದಲೇ ಅಗಲಿದ್ದ ಸೆವರ್ನ್, ಪರ್ಲ್ ಹಿಂದಿರುಗಿದುವು. ವೇಜರ್ ಮೇ 14ರಂದು ಪೆಟಗೋನಿಯದ ತೀರದಲ್ಲಿ ಒಡೆದು, ಅಲ್ಲಿ ದಂಗೆಯೂ ಕೊಲೆಯೂ ನಡೆದುವು. ಅದು ಪ್ರತ್ಯೇಕವಾಗಿ ಬರೆಯತಕ್ಕ ಕಥೆ.

ಇಷ್ಟರಲ್ಲಿ, ಹಸಿ ಸೊಪ್ಪು ಹಣ್ಣುಗಳಿಲ್ಲದ ಆಹಾರದಿಂದ ಬರುವ ಸ್ಕರ್ವಿ ರೋಗವು ಸೆಂಚುರಿಯನ್ನನ್ನು ಹೊಕ್ಕಿತ್ತು. ಹಲ್ಲಿನ ವಸಡುಗಳು ಊದಿ ಕೊಳೆಯುತ್ತವೆ. ಮೈಮೇಲೆ ಕಪ್ಪು ಕಲೆಗಳೇಳುತ್ತವೆ. ಮನಸ್ಸು ಅಕಾರಣವಾಗಿ ಅಳುಕುತ್ತದೆ. ತೂಗುಮಂಚದಲ್ಲಿ ಗೆಲುವಾಗಿ ಮಾತನಾಡುತ್ತಿದ್ದವನು ಎದ್ದು ಮೇಲಿನ ಅಟ್ಟಕ್ಕೆ ಹೋಗುವಷ್ಟರಲ್ಲಿ ಪ್ರಾಣ ಬಿಡುತ್ತಿದ್ದನು. ಹಡಗಿನ ಪಾದ್ರಿ ರಿಚರ್ಡ್ ವಾಲ್ಟರನ ಹೆಸರಿನಲ್ಲಿ 1748ರಲ್ಲಿ ಪ್ರಕಟವಾದ ಪ್ರಯಾಣಗ್ರಂಥದಲ್ಲಿ ಒಂದು ಸಂಗತಿಯಿದೆ. ಓದಿದವರು ಅದನ್ನು ಮರೆಯಲಾರರು. 1690ರ ಬಾಯ್ನ್ ಯುದ್ಧದಲ್ಲಿ ಗಾಯಗೊಂಡಿದ್ದ ವೃದ್ಧ ಸೈನಿಕನೊಬ್ಬನು ಹಡಗಿನಲ್ಲಿದ್ದನು. ಆ ಗಾಯಗಳು ಮಾಯ್ದು ಐವತ್ತು ವರ್ಷಗಳಾಗಿದ್ದುವು. ರೋಗ ಹತ್ತಿದ ಮೇಲೆ ಅವು ಎಂದೂ ಮಾಯದಿದ್ದ ಗಾಯಗಳಂತೆ ತೆರೆದುಕೊಂಡುವು. ಮುರಿದು ಕೂಡಿದ್ದ ಮೂಳೆಯೂ ಬಿಟ್ಟುಕೊಂಡಿತು. ಏಪ್ರಿಲ್ ತಿಂಗಳೊಂದರಲ್ಲಿಯೇ ಈ ಹಡಗಿನಲ್ಲಿ 43 ಜನ ಸತ್ತರು. ಮೇ ತಿಂಗಳಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಹೆಣಗಳನ್ನು ಹೊಲಿದು ನೀರಿಗಿಳಿಸುವುದಕ್ಕೂ ತ್ರಾಣವುಳ್ಳವರು ವಿರಳರಾದರು.

ಇನ್ನು ಉಳಿದ ಆಸೆಯೊಂದೇ: ಚಿಲಿಯ ತೀರದಿಂದ ನಾನೂರು ಮೈಲಿ ಆಚೆಗಿರುವ ಜುವಾನ್ ಫರ್ನಾಂಡಿಸ್ ದ್ವೀಪ. ಆ ದ್ವೀಪದ ಅಕ್ಷಾಂಶವನ್ನು ನಾವಿಕರು ಬಲ್ಲರು. ಮೇ ತಿಂಗಳ ಕೊನೆಗೆ ಹಡಗು ಆ ಅಕ್ಷಾಂಶವನ್ನು ಮುಟ್ಟಿತು. ದ್ವೀಪವು ತಮ್ಮ ಮುಂದಿದೆಯೋ ಹಿಂದಿದೆಯೋ ಎಂಬುದನ್ನು ಹೇಳಬಲ್ಲವರು ಮಾತ್ರ ಆ ಹಡಗಿನಲ್ಲಿ ಒಬ್ಬರೂ ಇರಲಿಲ್ಲ. ಮೇ 28ರಂದು ಪಶ್ಚಿಮದ ದಿಗಂತದಲ್ಲಿ ಏನೋ ಕಂಡಂತಾಗಿ, ಅದೇ ದ್ವೀಪವೆಂದು ಆನ್ಸನ್ನನಿಗೆ ಬಲವಾಗಿ ತೋರಿತು. ಅದು ಮೋಡವೆಂದು ಅಧಿಕಾರಿಗಳೆಲ್ಲ ಹೇಳಿದರು. ಆತನು ಅವರ ಮಾತಿಗೆ ಮಣಿದು, ಮುಖ್ಯ ಭೂಮಿಯನ್ನು ಕಂಡು ಅಲ್ಲಿಂದ ಲೆಕ್ಕವನ್ನು ಹೊಸದಾಗಿ ಆರಂಭಿಸೋಣವೆಂದು ಪೂರ್ವಕ್ಕೆ ತಿರುಗಿದನು. ಎರಡು ದಿನಗಳಲ್ಲಿ ಚಿಲಿಯ ಹಿಮಾವೃತ ಪರ್ವತಗಳು ಕಂಡುವು. ಆ ವೈರಿಯ ನೆಲದಲ್ಲಿ ಇಳಿಯುವಂತಿರಲಿಲ್ಲ. ಮತ್ತೆ ಪಶ್ಚಿಮಕ್ಕೆ, ಈಗ ಎದುರುಗಾಳಿಯಲ್ಲಿ, ಬಂದ ದಾರಿಯನ್ನೇ ತುಳಿಯಬೇಕಾಯಿತು. ಜೂನ್ 9ರ ಬೆಳಗ್ಗೆ ದ್ವೀಪ ಕಾಣಿಸುವಷ್ಟರಲ್ಲಿ ಎಪ್ಪತ್ತರಿಂದ ಎಂಬತ್ತು ಜನ ಸತ್ತಿದ್ದರು. ಮೊದಲ ಸಲವೇ ದ್ವೀಪ ಸಿಕ್ಕಿದ್ದರೆ ಇವರೆಲ್ಲರೂ ಉಳಿಯುತ್ತಿದ್ದರೆಂದು ಗ್ರಂಥವೇ ನಿಸ್ಸಂಶಯವಾಗಿ ಹೇಳುತ್ತದೆ.

ಐದು ವರ್ಷಗಳ ಹಿಂದೆ ಇದೇ ಹಡಗಿನ, ಇದೇ ಕಪ್ತಾನನ ಕೋಣೆಯಲ್ಲಿ, ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ಯಂತ್ರವು ಟಿಕಟಿಕನೆ ಮಿಡಿದಿತ್ತು. ಆ ಮೊದಲ ಗಡಿಯಾರವು ಹಾರ್ನ್ ಭೂಶಿರದ ಚಂಡಮಾರುತದಲ್ಲಿ ಉಳಿಯುತ್ತಿತ್ತೆಂದು ಯಾರೂ ಪ್ರಮಾಣ ಮಾಡಲಾರರು. ಆದರೆ ಇಡೀ ನಾವಿಕ ಪ್ರಪಂಚದಲ್ಲಿ ಆ ವಿದ್ಯೆಯ ಮೊದಲ ಸ್ಪರ್ಶವನ್ನು ಪಡೆದ ನೌಕೆಯೇ ಅದರ ಅಭಾವದಿಂದ ಇಂಥ ದಂಡವನ್ನು ತೆತ್ತುದು, ಚರಿತ್ರೆಯಲ್ಲಿ ನನ್ನನ್ನು ಬಹುವಾಗಿ ಕಲಕಿರುವ ಸಂಗತಿಗಳಲ್ಲೊಂದು.

ದ್ವೀಪದಲ್ಲಿ ಇಳಿಸಿದ ರೋಗಿಗಳು 167 ಮಂದಿ. ಇವರಲ್ಲದೆ ಹನ್ನೆರಡು ಮಂದಿಯಾದರೂ ದೋಣಿಯಲ್ಲಿಯೇ, ಹೊಸ ಗಾಳಿ ಮುಖಕ್ಕೆ ಸೋಕಿದೊಡನೆ, ಸತ್ತರು. ಆನ್ಸನ್ನನು ತಾನೂ ಹೆಗಲು ಕೊಟ್ಟು ರೋಗಿಗಳನ್ನು ಕಲ್ಲುದಂಡೆಯ ಮೇಲೆ ಹೊತ್ತನು, ಅಧಿಕಾರಿಗಳಿಂದಲೂ ಹೊರಿಸಿದನು. ಅಲ್ಲಿ ತೊರೆಗಳ ಬದಿಯಲ್ಲಿ ಗೋಣಿಸೊಪ್ಪು, ಕಾಡುಮೂಲಂಗಿ, ಟರ್ನಿಪ್ ಗಡ್ಡೆಗಳು ತಾವಾಗಿ ಬೆಳೆದಿದ್ದುವು. ಕಡಲಿನಲ್ಲಿ ಮೀನೂ ದೊಡ್ಡ ಸಿಗಡಿಯೂ ಸಮೃದ್ಧವಾಗಿದ್ದುವು. ಅವರು ಹೊಡೆದ ಮೊದಲ ಆಡಿನ ಕಿವಿ ಸೀಳಿತ್ತು: ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಇದೇ ದ್ವೀಪದಲ್ಲಿ ಒಂಟಿಯಾಗಿ ನಾಲ್ಕು ವರ್ಷ ಕಳೆದ ಅಲೆಗ್ಸಾಂಡರ್ ಸೆಲ್ಕರ್ಕನು ಆಡುಗಳನ್ನು ಹಿಡಿದು ಕಿವಿಗೆ ಗುರುತುಮಾಡಿ ಬಿಡುತ್ತಿದ್ದನಷ್ಟೆ. ಸೊಪ್ಪು ತಿಂದವರು ಚೇತರಿಸಿಕೊಂಡರು. ಮುಂದೆ ಬರುವ ನಾವಿಕರಿಗೆ ಉಪಯೋಗವಾಗಲೆಂದು ಆನ್ಸನ್ನನು ತರಕಾರಿಯ ಬೀಜಗಳನ್ನು ಬಿತ್ತಿಸಿ, ಪ್ಲಮ್, ಪೀಚ್ ಮುಂತಾದ ಹಣ್ಣುಗಳ ಓಟೆಗಳನ್ನು ನೆಡಿಸಿದನು.

ಗ್ಲಾಸ್ಟರ್ ಹಡಗು ಜೂನ್ 21ರಂದು ದೂರದಲ್ಲಿ ಕಂಡರೂ, ಹಾಯಿ ಎಳೆಯಲು ಜನವಿಲ್ಲದೆ ಒಂದು ತಿಂಗಳವರೆಗೆ ದ್ವೀಪದ ಸುತ್ತ ಅಲೆದು, ಸೆಂಚುರಿಯನ್ನಿನ ದೋಣಿಗಳು ಒಯ್ದ ನೀರಿನಿಂದ ಜೀವ ಹಿಡಿದು, ಜುಲೈ 23ರಂದು ಲಂಗರು ಹಾಕಿತು. ಆಗ ಲೆಕ್ಕ ತೆಗೆದಾಗ, ದ್ವೀಪವನ್ನು ಸೇರಿದ್ದ ಸೆಂಚುರಿಯನ್, ಗ್ಲಾಸ್ಟರ್, ಟ್ರಯಲ್ ಈ ಮೂರರಲ್ಲಿ ಹೊರಟ 961 ಜನರಲ್ಲಿ 626 ಜನ ಸತ್ತು, 335 ಜನ ಉಳಿದಿದ್ದರು. ಸೆಂಚುರಿಯನ್ನೊಂದರಲ್ಲಿ ಸತ್ತವರು 292, ಉಳಿದವರು 214. ಅದರಲ್ಲಿ ಹತ್ತಿದ್ದ ಐವತ್ತು ಮಂದಿ ವೃದ್ಧ ಸೈನಿಕರ ಪೈಕಿ ನಾಲ್ವರು ಮಾತ್ರ ಬದುಕಿದ್ದರು.

ಅನಂತರದ ಒಂದು ವರ್ಷವನ್ನು ಸಂಕ್ಷೇಪವಾಗಿ ಹೇಳಬಹುದು. ಕೆಲವು ವ್ಯಾಪಾರದ ಹಡಗುಗಳನ್ನು ಹಿಡಿದುದು, 1741ರ ನವೆಂಬರಿನಲ್ಲಿ ಪೆರುವಿನ ಪಾಯ್ತಾ ಪಟ್ಟಣವನ್ನು ಸೂರೆಗೊಂಡು ಸುಟ್ಟುದು, ಅಕಾಪುಲ್ಕೋ ಬಂದರಿನ ಹೊರಗೆ ಅಲ್ಲಿಂದ ಮನಿಲಾಕ್ಕೆ ಬೆಳ್ಳಿಯನ್ನು ಹೊರುತ್ತಿದ್ದ ಸ್ಪೇನಿನ ಹಡಗಿಗಾಗಿ ವೃಥಾ ಕಾದುದು, ಇವು ಕಡಲುಗಳ್ಳರ ಚರಿತ್ರೆಗೂ ಸಲ್ಲುವ ಕಾರ್ಯಗಳು. ಇವುಗಳಲ್ಲಿ ನನಗೆ ವಿಶೇಷ ಶ್ಲಾಘ್ಯವಾದುದೇನೂ ಕಾಣುವುದಿಲ್ಲ. 1742ರ ಮೇ ತಿಂಗಳಲ್ಲಿ ಅವರು ಶಾಂತಸಾಗರವನ್ನು ದಾಟಲು ಹೊರಟರು. ರೋಗವು ಮತ್ತೆ ಹೆಡೆಯೆತ್ತಿತು. ಶಿಥಿಲವಾದ ಗ್ಲಾಸ್ಟರನ್ನು ಆಗಸ್ಟಿನಲ್ಲಿ ನಡುಗಡಲಿನಲ್ಲಿಯೇ ಸುಡಬೇಕಾಯಿತು. ಆಗಸ್ಟ್ ತಿಂಗಳ ಕೊನೆಗೆ ಟಿನಿಯನ್ ದ್ವೀಪವು ದೊರೆಯದೆ ಹೋಗಿದ್ದರೆ ಸೆಂಚುರಿಯನ್ ಕೂಡ ಜನಶೂನ್ಯವಾಗಿ ತೇಲುತ್ತಿತ್ತು. ತೆಂಗು, ಹುಳಿ ಕಿತ್ತಳೆ, ನಿಂಬೆ, ನಮ್ಮ ಕರಾವಳಿಯವರು ಜೀಗುಜ್ಜೆಯೆನ್ನುವ ದೀವಿಹಲಸು ಅಲ್ಲಿ ಯಥೇಚ್ಛವಾಗಿದ್ದುವು. ಮೈಯೆಲ್ಲ ಬಿಳುಪಾಗಿ ಕಿವಿ ಮಾತ್ರ ಕಪ್ಪಾದ ದನಗಳ ಹಿಂಡುಗಳು ಮೇಯುತ್ತಿದ್ದುವು.

ಅಲ್ಲಿಯೂ ವಿಧಿ ಸುಮ್ಮನಿರಲಿಲ್ಲ. ಸೆಪ್ಟೆಂಬರ್ 22ರ ರಾತ್ರಿಯ ಬಿರುಗಾಳಿಗೆ ಲಂಗರಿನ ಹಗ್ಗಗಳು ಕಡಿದು, ನೂರರಷ್ಟು ಜನರನ್ನು ಹೊತ್ತ ಸೆಂಚುರಿಯನ್ ಕಣ್ಮರೆಯಾಯಿತು; ಆನ್ಸನ್ನನೂ ಸೇರಿ 113 ಮಂದಿ ದ್ವೀಪದ ಮೇಲೆ ಉಳಿದರು. ಆನ್ಸನ್ನನು ಶೋಕಕ್ಕೆ ಎಡೆಗೊಡದೆ, ಸ್ಪೇನಿನವರಿಂದ ವಶಪಡಿಸಿಕೊಂಡಿದ್ದ ಚಿಕ್ಕ ನಾವೆಯೊಂದನ್ನು ನಡುವೆ ಕೊಯ್ದು, ಹೊಸ ಹಲಗೆಗಳನ್ನು ಕೂಡಿಸಿ ಉದ್ದಮಾಡಿ, ಅದರಲ್ಲಿಯೇ ಚೀನಕ್ಕೆ ಹೋಗೋಣವೆಂದನು. ಎಲ್ಲರೊಡನೆ ತಾನೂ ಕೊಡಲಿ ಹಿಡಿದು ಮರ ಕಡಿದನು. ಹತ್ತೊಂಬತ್ತು ದಿನಗಳ ಮೇಲೆ, ಲೆಫ್ಟೆನೆಂಟ್ ಸಾಮರೆಜನ ಸಾಹಸದಿಂದ ಹಡಗು ಮರಳಿದ ಸುದ್ದಿ ಬಂದಾಗ, ಆತನು ಕೊಡಲಿಯನ್ನು ಬಿಸುಟು ಹರ್ಷವನ್ನು ಬಹಿರಂಗವಾಗಿ ತೋರಿಸಿದನು. ಅಷ್ಟು ಕಾಲ ಒಂದೇ ಸ್ಥಿತಿಯಲ್ಲಿದ್ದ ಆ ಮುಖವು ಬದಲಾದುದನ್ನು ಜನರು ಕಂಡದ್ದು ಅದೇ ಮೊದಲು.

ನವೆಂಬರಿನಲ್ಲಿ ಮಕಾವ್ ಸೇರಿ, ಚೀನದ ಅಧಿಕಾರಿಗಳೊಡನೆ ಬಹಳ ಹೆಣಗಿ, ಹಡಗನ್ನು ದುರಸ್ತಿಪಡಿಸಿಕೊಂಡು, ಊರಿಗೆ ಹಿಂದಿರುಗುವೆವೆಂದು ಹೇಳಿ 1743ರ ಏಪ್ರಿಲಿನಲ್ಲಿ ಹೊರಟ ಆನ್ಸನ್ನನು, ಸಮುದ್ರಕ್ಕೆ ಬಂದ ಮೇಲೆ, ಮನಿಲಾಕ್ಕೆ ಬರುವ ಬೆಳ್ಳಿಯ ಹಡಗನ್ನು ಕಾಯಲು ಫಿಲಿಪೀನಿನ ಸಮಾರ್ ದ್ವೀಪದ ಕಡೆಗೆ ಹಡಗನ್ನು ತಿರುಗಿಸಿದನು. ಆಗ ಅದರಲ್ಲಿದ್ದವರು 227 ಜನ. ಅವರಲ್ಲಿ ಮೂವತ್ತರಷ್ಟು ಹುಡುಗರು. ಮಕಾವಿನಲ್ಲಿ ಹೊಸದಾಗಿ ಸೇರಿದ 23 ಮಂದಿಯಲ್ಲಿ ಕೆಲವರು ಡಚ್ಚರು. ಉಳಿದ ಬಹುಮಂದಿ ಲಸ್ಕರರು, ಎಂದರೆ ನಮ್ಮ ಭಾರತದ ನಾವಿಕರು. ವಾಲ್ಟರನ ಗ್ರಂಥದಲ್ಲಿ ಅವರ ಹೆಸರುಗಳಿಲ್ಲ, ಊರುಗಳಿಲ್ಲ. ಆದರೆ ಸೆಂಚುರಿಯನ್ನಿಗೆ ಕೀರ್ತಿ ತಂದ ಕದನದಲ್ಲಿ ಹಗ್ಗವೆಳೆದ ಕೈಗಳಲ್ಲಿ ಅವರ ಕೈಗಳೂ ಇದ್ದುವೆಂಬುದನ್ನು ಭಾರತೀಯ ಓದುಗನು ಲಕ್ಷ್ಯಕ್ಕೆ ತಂದುಕೊಳ್ಳುವುದು ಯುಕ್ತ.

ಜೂನ್ 20ರಂದು ಎಸ್ಪಿರಿತು ಸಾಂತೋ ಭೂಶಿರದ ಬಳಿ ‘ಕೊವದೊಂಗ’ ಎಂಬ ಬೆಳ್ಳಿಯ ಹಡಗು ಎದುರಾಯಿತು. ಅದರಲ್ಲಿ 550 ಜನರಿದ್ದರು. ಪ್ರತಿ ತೋಪಿಗೂ ಬೇಕಾದಷ್ಟು ಜನವಿಲ್ಲದ ಸೆಂಚುರಿಯನ್ನಿನಲ್ಲಿ, ಪ್ರತಿಯೊಂದು ತೋಪಿನ ಬಳಿಯೂ ಮದ್ದುಗುಂಡು ತುಂಬಲು ಇಬ್ಬರನ್ನು ಮಾತ್ರ ನಿಲ್ಲಿಸಿ, ಹತ್ತು ಹನ್ನೆರಡು ಜನರ ಗುಂಪುಗಳು ತೋಪಿನಿಂದ ತೋಪಿಗೆ ಓಡುತ್ತ ಒಂದಾದ ಮೇಲೊಂದನ್ನು ಹಾರಿಸುವಂತೆ ಆನ್ಸನ್ನನು ಏರ್ಪಡಿಸಿದ್ದನು. ಆದ್ದರಿಂದ ತೋಪಿನ ಸದ್ದು ಎಲ್ಲಿಯೂ ಕಡಿಯಲಿಲ್ಲ. ಮೂವತ್ತು ಮಂದಿ ಗುರಿಕಾರರು ಕೂವೆಮರಗಳ ಮೇಲೆ ಕುಳಿತು ವೈರಿಯ ಅಧಿಕಾರಿಗಳನ್ನು ಹುಡುಕಿ ಹುಡುಕಿ ಹೊಡೆದರು. ಎರಡು ಗಂಟೆಗೂ ಕಡಮೆ ಅವಧಿಯಲ್ಲಿ ಸ್ಪೇನಿನ ಧ್ವಜವಿಳಿಯಿತು. ಅತ್ತ 67 ಸಾವು, 84 ಗಾಯ. ಇತ್ತ ಸತ್ತವರು ಇಬ್ಬರು, ಗಾಯಗೊಂಡವರು 17. ಜಯಘೋಷ ಏಳುತ್ತಿರುವಾಗಲೇ ಅಧಿಕಾರಿಯೊಬ್ಬನು ಆನ್ಸನ್ನನ ಬಳಿಗೆ ಬಂದು, ಮದ್ದಿನ ಕೋಣೆಯ ಹತ್ತಿರವೇ ಬೆಂಕಿ ಹತ್ತಿದೆಯೆಂದು ಪಿಸುಗುಟ್ಟಿದನು. ಆತನು ಗಾಬರಿಯ ಸುಳಿವನ್ನೇ ಕೊಡದೆ ಸದ್ದಿಲ್ಲದೆ ಅದನ್ನು ಆರಿಸಿದನು. ಸೆರೆಸಿಕ್ಕ ಹಡಗಿನಲ್ಲಿ ಎಂಟು ರಿಯಾಲಿನ ಬೆಳ್ಳಿಯ ನಾಣ್ಯಗಳು 13,13,843. ಇವಲ್ಲದೆ 35,682 ಔನ್ಸು ಗಟ್ಟಿ ಬೆಳ್ಳಿ. ಅಷ್ಟು ಐಶ್ವರ್ಯವನ್ನು ಹೊತ್ತ ತಮ್ಮನ್ನು ಇಷ್ಟು ಕಡಮೆ ಜನ, ಅದರಲ್ಲಿ ಹುಡುಗರೂ ಸೇರಿ, ಸೋಲಿಸಿದರೆಂದು ಕಂಡು ಸೆರೆಯಾಳುಗಳು ನಾಚಿಕೊಂಡರಂತೆ.

ಕ್ಯಾಂಟನ್ ಮಾರ್ಗವಾಗಿ, ಗುಡ್ ಹೋಪ್ ಭೂಶಿರವನ್ನು ಸುತ್ತಿ, ಕೊನೆಗೆ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ, ಅಷ್ಟರಲ್ಲಿ ವೈರಿಗಳಾಗಿದ್ದ ಫ್ರೆಂಚರ ನೌಕಾಸಮೂಹದ ನಡುವಿನಿಂದಲೇ ಮಂಜಿನ ಮರೆಯಲ್ಲಿ ಅರಿವಿಲ್ಲದೆ ಪಾರಾಗಿ, ಸೆಂಚುರಿಯನ್ 1744ರ ಜೂನ್ 15ರಂದು ಸ್ಪಿಟ್‌ಹೆಡ್ಡಿಗೆ ಬಂದು ನಿಂತಿತು. ಮೂವತ್ತೆರಡು ಬಂಡಿಗಳಲ್ಲಿ ಬೆಳ್ಳಿಯನ್ನು ಹೇರಿ, ವಾದ್ಯಗಳೊಡನೆ ಲಂಡನ್ನಿನ ಬೀದಿಗಳಲ್ಲಿ ಮೆರವಣಿಗೆ ಹೊರಡಿಸಿದರು. ನಾಲ್ಕು ವರ್ಷಗಳ ಹಿಂದೆ ಆ ನೌಕಾಸಮೂಹದಲ್ಲಿ ಹೊರಟವರು ಸುಮಾರು 1,900 ಜನ. ಸೆಂಚುರಿಯನ್ನಿನಲ್ಲಿ ಮನೆಗೆ ಮರಳಿದವರು 188. ವೈರಿಯ ಆಯುಧದಿಂದ ಸತ್ತವರನ್ನು ಕೈಬೆರಳುಗಳಲ್ಲಿ ಎಣಿಸಿ ಮುಗಿಸಬಹುದು. ಬಂಡಿಗಳನ್ನು ಎಣಿಸಿದ ಜನರು ಈ ಲೆಕ್ಕವನ್ನೂ ಅದರ ಪಕ್ಕದಲ್ಲಿ ಬರೆದಿದ್ದರೆ ಎಷ್ಟೋ ಮುಂಚೆ ಎಷ್ಟೋ ಪ್ರಾಣಗಳು ಉಳಿಯುತ್ತಿದ್ದುವು.

ಈ ಪ್ರಯಾಣದ ಬಳಿಕವೂ ಹಡಗು ಇಪ್ಪತ್ತೈದು ವರ್ಷ ಬದುಕಿತು. ತೋಪುಗಳನ್ನು ಐವತ್ತಕ್ಕೆ ಇಳಿಸಿದ ಮೇಲೆ, 1747ರ ಮೇ 3ರಂದು ಫಿನಿಸ್ಟರ್ ಕದನದಲ್ಲಿ, ಹಿಂದೆ ಅದರಲ್ಲಿಯೇ ಲೆಫ್ಟೆನೆಂಟನಾಗಿದ್ದ ಪೀಟರ್ ಡೆನಿಸನ ಕೈಕೆಳಗೆ, ಅಡ್ಮಿರಲ್ ಆಗಿದ್ದ ಆನ್ಸನ್ನನ ಕಣ್ಣೆದುರಿಗೇ ಅದು ಮುಂದೆ ನುಗ್ಗಿ ಹೋರಾಡಿತು. 1749ರಲ್ಲಿ ಆಗಸ್ಟಸ್ ಕೆಪೆಲ್ಲನು ಅದರ ಒಡೆಯನಾಗಿ ಮೆಡಿಟರೇನಿಯನ್ನಿಗೆ ಹೋದನು. ಪಾಯ್ತಾದ ದಾಳಿಯಲ್ಲಿ ಟೋಪಿಯ ಅಂಚನ್ನು ಗುಂಡು ಹಾರಿಸಿಕೊಂಡು ಹೋಗಿದ್ದ ಹದಿನಾರರ ಹುಡುಗನೇ ಈತ. ಆ ಸಲ ಹಡಗಿನಲ್ಲಿದ್ದ ಅತಿಥಿಯು ಚಿತ್ರಕಲೆಯನ್ನು ಕಲಿಯಲು ಇಟಲಿಗೆ ಹೊರಟಿದ್ದ ಜೋಷುವಾ ರೆನಲ್ಡ್ಸ್. ಇಂಗ್ಲಿಷ್ ಚಿತ್ರಕಲೆಗೆ ಆ ಪಯಣದಿಂದಾದ ಲಾಭ ಅಲ್ಪವಲ್ಲ. 1758ರಲ್ಲಿ ಲೂಯಿಬರ್ಗ್, 1759ರಲ್ಲಿ ಕ್ವಿಬೆಕ್, 1762ರಲ್ಲಿ ಹವಾನಾ, ಈ ಮೂರು ಮುತ್ತಿಗೆಗಳಲ್ಲಿಯೂ ಮುದಿ ಸೆಂಚುರಿಯನ್ ಇತ್ತು. ಕ್ವಿಬೆಕ್ಕಿನಲ್ಲಿ ನೌಕಾಬಲದ ಅಧಿಪತಿಯಾಗಿದ್ದ ಸಾಂಡರ್ಸನೂ ಆನ್ಸನ್ನನೊಡನೆ ಹಾರ್ನ್ ಭೂಶಿರವನ್ನು ದಾಟಿದವನೇ. 1769ರ ಡಿಸೆಂಬರಿನಲ್ಲಿ ಚಾಥಮ್ ಬಂದರಿನಲ್ಲಿ ಅದನ್ನು ಒಡೆದು ಹಾಕಿದರು. ಮೂತಿಯಲ್ಲಿದ್ದ ಹದಿನಾರಡಿ ಎತ್ತರದ ಮರದ ಸಿಂಹವು ಗುಡ್‌ವುಡ್ಡಿನ ಛತ್ರದ ಬಾಗಿಲಲ್ಲಿಯೂ, ವಿಂಡ್ಸರ್ ಅರಮನೆಯಲ್ಲಿಯೂ, ಗ್ರೀನಿಚ್ಚಿನ ನಾವಿಕರ ಆಸ್ಪತ್ರೆಯಲ್ಲಿಯೂ ಇದ್ದು, ಕಟ್ಟಕಡೆಗೆ ಮಳೆಬಿಸಿಲಿಗೆ ಪುಡಿಯಾಯಿತು.

ಆದರೆ ಆ ಹಡಗು ಲೋಕಕ್ಕೆ ಬಿಟ್ಟುಹೋದುದು ಸಿಂಹವನ್ನಲ್ಲ. ಅದರಲ್ಲಿ ಕಿರಿಯ ಅಧಿಕಾರಿಯಾಗಿದ್ದು, ದ್ವೀಪ ಮುಂದಿದೆಯೋ ಹಿಂದಿದೆಯೋ ತಿಳಿಯದೆ ಹೆಣಗಳನ್ನು ಎಣಿಸಿದ ಜಾನ್ ಕ್ಯಾಂಬೆಲ್ ಎಂಬ ಸ್ಕಾಟ್ಲೆಂಡಿನ ಯುವಕನು, ಮುಂದೆ ಚಂದ್ರನ ಮತ್ತು ನಕ್ಷತ್ರಗಳ ಅಂತರವನ್ನಳೆದು ರೇಖಾಂಶವನ್ನು ಕಂಡುಹಿಡಿಯುವ ಕ್ರಮವನ್ನು ಸಮುದ್ರದ ಮೇಲೆ ಪರೀಕ್ಷಿಸಿದನು. 1757ರಲ್ಲಿ ಆತನು ಸೂಚಿಸಿದಂತೆ ಜಾನ್ ಬರ್ಡ್ ಎಂಬ ಕುಶಲಿಯು ಮಾಡಿಕೊಟ್ಟ ಉಪಕರಣವೇ ನಾವಿಕರ ಸೆಕ್ಸ್‌ಟೆಂಟ್. ಹ್ಯಾರಿಸನ್ನನ ನಾಲ್ಕನೆಯ ಗಡಿಯಾರವು 1761ರಲ್ಲಿ ಜಮೈಕಕ್ಕೆ ಹೊರಟು ಕೆಲವೇ ಸೆಕೆಂಡುಗಳ ತಪ್ಪಿನಿಂದ ದಡ ಸೇರಿತು. ಜೇಮ್ಸ್ ಲಿಂಡನೆಂಬ ನೌಕಾವೈದ್ಯನು 1747ರಲ್ಲಿ ‘ಸಾಲ್ಸ್‌ಬರಿ’ ಹಡಗಿನ ಹನ್ನೆರಡು ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ, ಕಿತ್ತಳೆಯನ್ನೂ ನಿಂಬೆಯನ್ನೂ ತಿಂದ ಇಬ್ಬರು ಎಲ್ಲರಿಗಿಂತ ಮೊದಲು ಎದ್ದುದನ್ನು ಕಂಡನು; ಸ್ಕರ್ವಿಯನ್ನು ಕುರಿತು 1753ರಲ್ಲಿ ತಾನು ಪ್ರಕಟಿಸಿದ ಗ್ರಂಥವನ್ನು ಆತನು ಅರ್ಪಿಸಿದುದು, ಆಗ ನೌಕಾಮಂಡಲಿಯ ಮುಖ್ಯಸ್ಥನಾಗಿದ್ದ ಆನ್ಸನ್ ಪ್ರಭುವಿಗೆ. ಆನ್ಸನ್ನನು 1762ರಲ್ಲಿ ತೀರಿಕೊಂಡನು. ನಿಂಬೆಯ ರಸವನ್ನು ಎಲ್ಲ ನಾವಿಕರಿಗೂ ಕೊಡಬೇಕೆಂಬ ಅಪ್ಪಣೆ ಇಂಗ್ಲೆಂಡಿನ ನೌಕಾಬಲದಲ್ಲಿ ಹೊರಟದ್ದು 1795ರಲ್ಲಿ, ಜುವಾನ್ ಫರ್ನಾಂಡಿಸ್ ದ್ವೀಪದ ದಂಡೆಗೆ ಆ 167 ರೋಗಿಗಳನ್ನು ಹೊತ್ತಿಳಿಸಿದ ಐವತ್ತನಾಲ್ಕು ವರ್ಷಗಳ ಮೇಲೆ.